ಹಾಳೆಗಳ ಕ್ರಮವೂ ಮನಸ್ಸಿನ ಕ್ರಮವೂ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ - ಈ ನಾಲ್ಕು ಊರುಗಳ ಮಳೆಯ ಲೆಕ್ಕವನ್ನು ನನ್ನ ವಿದ್ಯಾರ್ಥಿಗಳು ಎಕ್ಸೆಲ್‌ನ ಒಂದೇ ವರ್ಕ್‌ಬುಕ್ಕಿನಲ್ಲಿ, ಊರಿಗೊಂದು ಹಾಳೆಯಂತೆ, ಬರೆದಿಟ್ಟರು. "ಸಾರ್, ಇವನ್ನು ಕ್ರಮವಾಗಿ ಜೋಡಿಸಲು ಒಂದು ಮ್ಯಾಕ್ರೋ ಬರೆದುಕೊಡಿ" ಎಂದು ಒಬ್ಬನು ಕೇಳಿದನು. "ಯಾವ ಕ್ರಮ?" ಎಂದೆನು. ಉತ್ತರ ಬರಲಿಲ್ಲ. ಆ ಮೌನವೇ ಈ ಲೇಖನಕ್ಕೆ ಕಾರಣ.

ಅಕಾರಾದಿಯಾಗಿ ಇಟ್ಟರೆ ಕಂಪ್ಲಿ, ಸಂಡೂರು, ಹಂಪಿ, ಹೊಸಪೇಟೆ ಎಂದಾಗುತ್ತದೆ. ತುಂಗಭದ್ರೆ ಹರಿಯುವ ದಿಕ್ಕನ್ನು ಹಿಡಿದರೆ ಹೊಸಪೇಟೆ, ಹಂಪಿ, ಕಂಪ್ಲಿ ಎಂದು ಬರುತ್ತದೆ. ನದೀತೀರದಲ್ಲಿಲ್ಲದ ಸಂಡೂರಿಗೆ ಬೇರೆ ಸ್ಥಾನವನ್ನು ಹುಡುಕಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾದುದರಿಂದ, ಜಿಲ್ಲಾವಾರು ನೋಡಿದರೆ ಹೊಸಪೇಟೆ, ಹಂಪಿಗಳು ಒಂದು ಕಡೆ. ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳು ಇನ್ನೊಂದು ಕಡೆ. ಮೂರೂ ಸರಿಯೇ. ನಮಗೆ ಬೇಕಾದುದು ಯಾವುದೆಂಬುದನ್ನು ಯಂತ್ರವು ಹೇಳಲಾರದು.

ಮ್ಯಾಕ್ರೋ ಎಂದರೆ ಕಂಪ್ಯೂಟರು ಒಂದಾದ ಮೇಲೊಂದರಂತೆ ಮಾಡಬೇಕಾದ ಕೆಲಸಗಳನ್ನು ಮೊದಲೇ ಬರೆದಿಟ್ಟ ಆಜ್ಞಾಪಟ್ಟಿ. ಎಕ್ಸೆಲ್‌ನಲ್ಲಿ ಹಾಳೆಯೊಳಗಿನ ಸಾಲುಗಳನ್ನು ವಿಂಗಡಿಸುವ ಗುಂಡಿಯುಂಟು. ಹಾಳೆಗಳನ್ನೇ ವಿಂಗಡಿಸುವ ಗುಂಡಿಯಿಲ್ಲ. ಆದುದರಿಂದ ಮ್ಯಾಕ್ರೋ ಎರಡೆರಡು ಹಾಳೆಗಳ ಹೆಸರನ್ನು ಹೋಲಿಸಿ, ಕ್ರಮ ತಪ್ಪಿದ್ದರೆ ಸ್ಥಳ ಬದಲಿಸುತ್ತದೆ. 33 ಹಾಳೆಗಳಿದ್ದರೆ, ಪ್ರತಿ ಜೋಡಿಯನ್ನು ಒಮ್ಮೆ ಹೋಲಿಸಲು 528 ಹೋಲಿಕೆಗಳು ಬೇಕು.

33 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿಲ್ಲ. ತುಂಗಭದ್ರಾ ಜಲಾಶಯದ ಕ್ರೆಸ್ಟ್ ಗೇಟುಗಳು 33. ಗೇಟಿಗೊಂದು ಹಾಳೆಯಿಟ್ಟು, ಹೆಸರಿನ ಅಕ್ಷರಗಳನ್ನಷ್ಟೇ ಹೋಲಿಸುವ ಮ್ಯಾಕ್ರೋವನ್ನು ನಡೆಸಿರಿ. 1ರ ನಂತರ 2 ಬಾರದು. 10, 11, 12 ಎಂದು ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋದ 19ನೆಯ ಗೇಟಿನ ಹಾಳೆ 11ನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಅದರ ಮಗ್ಗುಲಲ್ಲಿ 20ನೆಯದಲ್ಲ, 2ನೆಯದು! ಯಂತ್ರಕ್ಕೆ ಅಲ್ಲಿರುವುದು ಸಂಖ್ಯೆಯಲ್ಲ, ಕೇವಲ ಚಿಹ್ನೆ. 01, 02 ಎಂದು ಬರೆದರೆ ದೋಷ ನೀಗುತ್ತದೆ.

ತಿಂಗಳುಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಕೃಷ್ಣಾ ಕಣಿವೆಯ ಜಲವರ್ಷ ಜೂನ್ 1ಕ್ಕೆ ಆರಂಭವಾಗಿ ಮೇ 31ಕ್ಕೆ ಮುಗಿಯುತ್ತದೆ. ಅಕಾರಾದಿಯಲ್ಲಾದರೋ ಅಕ್ಟೋಬರ್, ಆಗಸ್ಟ್, ಏಪ್ರಿಲ್ ಮೊದಲು ಬರುತ್ತವೆ. ಜೂನ್ ಹಾಳೆಯಿಂದ ಮೇ ಹಾಳೆಯವರೆಗೆ ಕೂಡಿಸೆಂಬ ಸೂತ್ರವು ಆ ಎರಡರ ನಡುವೆ ನಿಂತ ಹಾಳೆಗಳನ್ನು ಮಾತ್ರ ಕೂಡಿಸುತ್ತದೆ. ಹಾಳೆಗಳು ಸ್ಥಳ ಬದಲಿಸಿದರೆ ವರ್ಷದ ಮೊತ್ತವೂ ಬದಲಾಗಬಹುದು. ಯಾವ ಎಚ್ಚರಿಕೆಯೂ ಕಾಣಿಸದು. ಮ್ಯಾಕ್ರೋ ಮಾಡಿದುದನ್ನು ಸಾಮಾನ್ಯವಾದ 'ಅನ್‌ಡೂ' ಗುಂಡಿಯಿಂದ ಹಿಂದಕ್ಕೆ ತರಲೂ ಬಾರದು. ಮೊದಲು ಪ್ರತಿಯೊಂದನ್ನು ತೆಗೆದಿಡುವುದು ಅವಶ್ಯ.

ಹಾಗಾದರೆ ಮ್ಯಾಕ್ರೋವನ್ನು ದೂರವಿಡಬೇಕೆ? ಖಂಡಿತ ಬೇಡ. ನಾಲ್ಕು ಹಾಳೆಗಳಿಗೆ ಕೈಯೇ ಸಾಕು. ನಲವತ್ತಕ್ಕೆ ಮ್ಯಾಕ್ರೋ ಬೇಕು. ನನ್ನ ಸಲಹೆ ಇಷ್ಟೇ: 'ಸೂಚಿ' ಎಂಬ ಹಾಳೆಯೊಂದನ್ನು ಮೊದಲಿಗಿಟ್ಟು, ಬೇಕಾದ ಕ್ರಮದಲ್ಲಿ ಹೆಸರುಗಳನ್ನು ಅದರಲ್ಲಿ ಬರೆಯಿರಿ. ಆ ಪಟ್ಟಿಯನ್ನು ಓದಿ ಅದರಂತೆ ಹಾಳೆಗಳನ್ನು ನಿಲ್ಲಿಸುವುದಷ್ಟೇ ಮ್ಯಾಕ್ರೋವಿನ ಕೆಲಸವಾಗಲಿ. ಆಜ್ಞೆಗಳನ್ನು ಬರೆಯುವ ಕಿಟಕಿಯಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡುವುದಿಲ್ಲ. ಸೂಚಿಯಲ್ಲಿ ಆ ತೊಡಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಕ್ರಮವನ್ನು ಯಾರು ಏಕೆ ನಿಶ್ಚಯಿಸಿದರೆಂಬುದು ಯಂತ್ರದೊಳಗೆ ಅಡಗದೆ ಎಲ್ಲರ ಕಣ್ಣಿಗೂ ಬೀಳುತ್ತದೆ, ತಪ್ಪಿದ್ದರೆ ಪ್ರಶ್ನಿಸಬಹುದು.

ನಮ್ಮ ಕಾಲೇಜುಗಳಲ್ಲಿ ಮ್ಯಾಕ್ರೋವನ್ನು ಕಲಿಸುವಾಗ ಆಜ್ಞೆಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಮುಂಚೆ, ನಿಯಮವನ್ನು ಎರಡು ವಾಕ್ಯಗಳ ಕನ್ನಡದಲ್ಲಿ ಬರೆಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಎರಡು ವಾಕ್ಯಗಳನ್ನು ಬರೆಯಲಾಗದವನಿಗೆ ಮ್ಯಾಕ್ರೋ ಶೀಘ್ರವಾಗಿ ತಪ್ಪು ಮಾಡುವ ಸಾಧನವಷ್ಟೆ. ಮರುದಿನ ಆ ವಿದ್ಯಾರ್ಥಿ ಬಂದು, "ಸಾರ್, ನದಿ ಹರಿಯುವ ಕ್ರಮ; ಸಂಡೂರು ಕೊನೆಗೆ" ಎಂದನು. ಅರ್ಧ ಮ್ಯಾಕ್ರೋ ಆಗಲೇ ಸಿದ್ಧವಾಗಿತ್ತು.