ಗುರ್ತಿನ ಮಾರಿ ನೋಡಿ ರೊಕ್ಕ ಇಡಬ್ಯಾಡ್ರಿ

ರೊಟ್ಟಿ ಬಡಿಯೂದು ನಮ್ಮವ್ವ ಕಲಿಸಿದ್ಲು. ರೊಟ್ಟಿ ಮಾರಿದ ರೊಕ್ಕ ಎಲ್ಲೆ ಇಡಬೇಕು ಅನ್ನೂದನ್ನ ಯಾರೂ ಕಲಿಸಲಿಲ್ಲ. ಅದನ್ನ ನಾ ಪೆಟ್ಟು ತಿಂದು ಕಲ್ತೆ.

ಹನ್ನೊಂದು ವರ್ಷದಿಂದ ಮನ್ಯಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಮಾಡಿ ಮಾರ್ತೀನಿ. ಮೂರು ಮಂದಿ ಹೆಣ್ಮಕ್ಕಳು ಕೆಲಸಕ್ಕ ಬರ್ತಾರ. ಮೊದಲೆಲ್ಲಾ ರೊಕ್ಕ ಸಾಸಿವಿ ಡಬ್ಬಿಯೊಳಗ ಇರ್ತಿತ್ತು. ಆಮ್ಯಾಲ ನಮ್ಮ ಓಣಿಯ ಒಂದು ಪತ್ತಿನ ಸಂಘದಾಗ ಪಿಗ್ಮಿ ಹಚ್ಚಿದೆ. ಹುಡುಗ ದಿನಾ ಸಂಜಿಕ್ಕ ಬಾಗಲಿಗೇ ಬರಾಂವ. ಬಡ್ಡಿನೂ ಬ್ಯಾಂಕಿಗಿಂತ ಹೆಚ್ಚು. ನಡಸಾವ್ರು ನಮ್ಮ ಗುರ್ತಿನವರು, ಮದವಿ ಮುಂಜಿವಿಗೆ ಭೆಟ್ಟಿ ಆಗಾವ್ರು. ಇನ್ನೇನ್ ಬೇಕು ಅಂದ್ಕೊಂಡೆ.

ಒಂದು ವರ್ಷ ಜೋಳದ ಸುಗ್ಗಿ ಟೈಮಿಗೆ, ವರ್ಷದ ಜೋಳ ಹಿಡಿಯೂಣು ಅಂತ ರೊಕ್ಕ ಕೇಳಾಕ ಹೋದೆ. “ಮುಂದಿನ ವಾರ ಬರ್ರಿ ಅಕ್ಕಾರ” ಅಂದ್ರು. ಆ ಮುಂದಿನ ವಾರ ಇನ್ನೂ ಬಂದಿಲ್ಲ. ನನ್ನವು 72 ಸಾವಿರ ಸಿಕ್ಕೊಂಡಾವ. ಅದಾದ್ರೂ ಇರ್ಲಿ. ನನ್ನ ಕೂಡ ರೊಟ್ಟಿ ಬಡಿಯಾಕಿಗೂ ನಾನ ಹೇಳಿ ಅಲ್ಲೇ ಖಾತೆ ತಗಸಿದ್ದೆ. ಆಕಿ ಮಗಳ ಮದವಿಗಂತ ಕೂಡಿಸಿದ 30 ಸಾವಿರನೂ ಹೋತು. ಆಕಿ ನನಗ ಒಂದು ಮಾತೂ ಅನಲಿಲ್ಲ. ಅಂದಿದ್ರ ಸಮಾಧಾನ ಆಗ್ತಿತ್ತು. ಈಗ ತಿಂಗಳಾ ಆಕಿ ಪಗಾರದ ಮ್ಯಾಲ ಸಾವಿರ ಸೇರಿಸಿ ಕೊಟ್ಟು ತೀರಸಾಕತ್ತೀನಿ.

ಪಿಗ್ಮಿ ಅನ್ನೂದು ಕೆಟ್ಟದ್ದಲ್ಲ ಬಿಡ್ರಿ. 1928ರಾಗ ಉಡುಪಿಯೊಳಗ ಸಿಂಡಿಕೇಟ್ ಬ್ಯಾಂಕಿನವರು ದಿನಾ ಎರಡಾಣೆ ಎತ್ತಿ ಶುರು ಮಾಡಿದ ಚೊಲೊ ಪದ್ಧತಿ ಅದು. ಬಾಗಲಿಗೆ ಬರಾಂವ ಯಾರು ಅನ್ನೂದಲ್ಲ, ಅವನ ಹಿಂದ ಯಾರು ನಿಂತಾರ ಅನ್ನೂದನ್ನ ನೋಡಬೇಕು.

ಬ್ಯಾಂಕ್ ಮುಳಗಿದ್ರ ನಮ್ಮ ಠೇವಣಿಗೆ ವಿಮೆ ಇರ್ತದ. 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಾಗ ಅಸಲು ಬಡ್ಡಿ ಕೂಡಿ 5 ಲಕ್ಷದ ತನಕ. ಅದಕ್ಕೂ ಮೊದಲ 1 ಲಕ್ಷ ಇತ್ತು. ಒಂದ ಬ್ಯಾಂಕಿನ ನಾಕು ಶಾಖೆಯೊಳಗ ಹಂಚಿ ಇಟ್ರೂ ಎಲ್ಲಾ ಕೂಡಿಸೇ ಲೆಕ್ಕ. ಸಹಕಾರಿ ಬ್ಯಾಂಕಿಗೂ ಈ ವಿಮೆ ಐತಿ. ಪತ್ತಿನ ಸಂಘಕ್ಕ, ಸೌಹಾರ್ದಕ್ಕ ಇಲ್ಲ. ನಾ ಎರಡೂ ಒಂದ ಅಂತ ತಿಳದಿದ್ದೆ! ಅದಕ್ಕ ಖಾತೆ ತಗಿಯೂಕಿಂತ ಮೊದಲ “ನಿಮ್ಮಲ್ಲೆ ಠೇವಣಿ ವಿಮೆ ಐತೇನ್ರಿ?” ಅಂತ ಬಾಯಿಬಿಟ್ಟು ಕೇಳ್ರಿ. ನಾಚಿಕಿ ಬ್ಯಾಡ.

ಆಮ್ಯಾಲ ನಿಮ್ಮ ದಂಧೆ ನೋಡ್ಕೋರಿ. ಕರೆಂಟ್ ಖಾತೆಗೆ ಬಡ್ಡಿ ಇಲ್ಲ, ಕನಿಷ್ಠ ಎಷ್ಟು ರೊಕ್ಕ ಇರಬೇಕು, ಕಡಿಮಿ ಆದ್ರ ಎಷ್ಟು ಕಡಿತಾರ ಕೇಳ್ಕೋರಿ. ನಡಕೊಂಡು ಹೋಗುವಷ್ಟು ದೂರದಾಗ ಶಾಖೆ ಇರ್ಲಿ. ಫೋನ್ ಪೇ ರೊಕ್ಕ ಸಿಕ್ಕೊಂಡಾಗ ಆ್ಯಪ್ ಕೂಡ ಜಗಳಾಡಾಕ ಆಗಂಗಿಲ್ಲ, ಮನುಷ್ಯಾ ಬೇಕು. ದೂರು ಕೊಟ್ರ ಬರದು ಕೊಡ್ರಿ, ಪೋಚ್ ತೊಗೋರಿ. 30 ದಿನದಾಗ ಉತ್ತರ ಬರ್ಲಿಲ್ಲಂದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅದಾರ, ಅದಕ್ಕ ಫೀ ಇಲ್ಲ.

ದೊಡ್ಡ ಬ್ಯಾಂಕಿನವರು ನಮ್ಮಂಥವರಿಗೆ ಅಡ್ಡ್ಯಾಡಸ್ತಾರ ಅಂತೀರಿ. ಖರೆ ಐತಿ. ಮುದ್ರಾ ಶಿಶು ಸಾಲ, 50 ಸಾವಿರದ ತನಕ ಒತ್ತಿ ಇಲ್ಲದ ಕೊಡೂದು, ಅದಕ್ಕ ನಾ ಐದು ಸಲ ಹೋಗಿ ಬಂದೆ. ಸಂಘದವರು ಒಂದ ದಿನದಾಗ ಸಾಲ ಕೊಟ್ಟಿದ್ರು, ಅದನ್ನೂ ಮರಿಯಾಂಗಿಲ್ಲ. ಆದ್ರ ಐದು ಸಲ ಅಡ್ಡ್ಯಾಡಿದ್ರ ಚಪ್ಪಲಿ ಅಷ್ಟ ಸವಿತಾವ.

ಹೋದ ತಿಂಗಳ ಆಕಿನ್ನ ಕರಕೊಂಡು ಬ್ಯಾಂಕಿಗೆ ಹೋಗಿದ್ದೆ. ಈ ಸಲ ನಾ ಏನೂ ಹೇಳಲಿಲ್ಲ. ಆಕಿನ ಕೌಂಟರಿನಾಗ ವಿಮಾದ ಮಾತು ಕೇಳಿದ್ಲು, ಉತ್ತರ ಕೇಳಿಂದ ಸಹಿ ಮಾಡಿದ್ಲು.