ವಿದ್ಯಾರ್ಥಿಯ ಲೆಕ್ಕವೂ ಕಾಲೇಜಿನ ಹೊಣೆಯೂ

ಪದವಿ ತರಗತಿಗಳ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಮನೆಯಲ್ಲಿ ಮಾಡಿ ತರುವಂತೆ ಕೊಟ್ಟ ಲೆಕ್ಕಗಳನ್ನು ನಮ್ಮ ವಿದ್ಯಾರ್ಥಿಗಳು ಹೇಗೆ ಮಾಡಿ ತರುತ್ತಾರೆಂಬುದು ಎಲ್ಲರೂ ಬಲ್ಲ, ಆದರೆ ಯಾರೂ ಬಾಯಿಬಿಟ್ಟು ಆಡದ ಸಂಗತಿಯಾಗಿದೆ. ತರಗತಿಯಲ್ಲಿ ಒಬ್ಬಿಬ್ಬರು ಕುಳಿತು ಬಿಡಿಸುತ್ತಾರೆ. ಮಿಕ್ಕವರು ಗಂಟೆ ಹೊಡೆಯುವುದರೊಳಗಾಗಿ ಅದನ್ನು ನಕಲು ಮಾಡಿಕೊಳ್ಳುತ್ತಾರೆ. ಅಧ್ಯಾಪಕರು ರುಜು ಹಾಕುತ್ತಾರೆ. ಅಂಕಗಳು ಪಟ್ಟಿಯನ್ನು ಸೇರುತ್ತವೆ. ಇದಕ್ಕಾಗಿ ವಿದ್ಯಾರ್ಥಿಗಳನ್ನು ಸೋಮಾರಿಗಳೆಂದು ಹಳಿಯುವುದು ಸುಲಭವು. ಆದರೆ ದೋಷವು ಅವರದೊಂದೇ ಅಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಹಳ್ಳಿಯ ಶಾಲೆಯಲ್ಲಿ 10ನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗನನ್ನು ನೋಡಿರಿ. ಅವನು ವಿಜ್ಞಾನವನ್ನು ಆರಿಸಿಕೊಂಡ ಮರುದಿನದಿಂದಲೇ ಪಾಠಗಳೆಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತವೆ. ಲೆಕ್ಕವು ತಿಳಿಯದಿರುವುದು ಗಣಿತದ ದೆಸೆಯಿಂದಲೋ ಭಾಷೆಯ ದೆಸೆಯಿಂದಲೋ ಎಂಬುದು ಅವನಿಗೇ ಗೊತ್ತಾಗುವುದಿಲ್ಲ. ಎದ್ದು ಕೇಳಿದರೆ ನಾಲ್ಕು ಜನ ನಕ್ಕಾರೆಂಬ ಸಂಕೋಚವು ಬೇರೆ. ಹಣವಂತರ ಮಕ್ಕಳು ಟ್ಯೂಷನ್ ಮೇಷ್ಟರನ್ನು ಹುಡುಕಿಕೊಳ್ಳುತ್ತಾರೆ. ಹಣವಿಲ್ಲದವನು ಒಂದೆರಡು ವರ್ಷ ನಕಲು ಮಾಡಿ, ಕೊನೆಗೆ ತನಗೆ ಈ ವಿದ್ಯೆ ಹಣೆಯಲ್ಲಿ ಬರೆದಿಲ್ಲವೆಂದು ನಂಬಿ ಕೈಬಿಡುತ್ತಾನೆ. ಹೀಗೆ ಕೈಬಿಟ್ಟವರಲ್ಲಿ ಎಂತಹ ಬುದ್ಧಿವಂತರಿದ್ದರೋ ಹೇಳಬಲ್ಲವರಾರು? ಈ ನಷ್ಟವು ನಾಡಿನದು.

ಲೆಕ್ಕಕ್ಕೆ ನೆರವು ಬೇಡುವುದು ಅವಮಾನವೆಂಬ ಭಾವನೆಯನ್ನು ಮೊದಲು ತೊಲಗಿಸಬೇಕಾಗಿದೆ. ಗಣಿತಕ್ಕೆ ಹೆಸರಾದ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 19ನೆಯ ಶತಮಾನದ ಅತ್ಯಂತ ಮೇಧಾವಿಗಳೂ ಖಾಸಗಿ ಗುರುಗಳ ಬಳಿ ಕುಳಿತು ಲೆಕ್ಕ ಬಿಡಿಸುವುದನ್ನು ಕಲಿಯುತ್ತಿದ್ದರು. 1854ರಲ್ಲಿ ಮ್ಯಾಕ್ಸ್‌ವೆಲ್ಲನನ್ನೂ ಹಿಂದಿಕ್ಕಿ ಅಲ್ಲಿನ ಗಣಿತ ಪರೀಕ್ಷೆಯಲ್ಲಿ ಪ್ರಥಮನಾಗಿ ತೇರ್ಗಡೆಯಾದ ರೌತ್ ಎಂಬವನು ಅಂತಹ ಗುರುಗಳಲ್ಲಿ ಅಗ್ರಗಣ್ಯನು. ಅವನ ಶಿಷ್ಯರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತಾವೂ ಪ್ರಥಮಸ್ಥಾನವನ್ನು ಪಡೆದರು. ಖಾಸಗಿಯಾಗಿ ಹಣ ತೆತ್ತು ಪಡೆಯುತ್ತಿದ್ದ ಈ ನೆರವನ್ನು ಕಾಲಕ್ರಮದಲ್ಲಿ ಕಾಲೇಜುಗಳೇ ತಮ್ಮ ಹೊಣೆಯಾಗಿ ವಹಿಸಿಕೊಂಡವು. ಇಂದಿಗೂ ಅಲ್ಲಿ ವಿದ್ಯಾರ್ಥಿಗಳು ಲೆಕ್ಕಗಳನ್ನು ಮುಂಚಿತವಾಗಿ ತಾವೇ ಪ್ರಯತ್ನಿಸಿ, ಇಬ್ಬರೋ ಮೂವರೋ ಆಗಿ ಅಧ್ಯಾಪಕರ ಎದುರಿಗೆ ಕುಳಿತು, ಎಡವಿದ ಎಡೆಗಳನ್ನು ತಿದ್ದಿಸಿಕೊಳ್ಳುತ್ತಾರೆ. ಅತ್ಯಂತ ಬುದ್ಧಿವಂತರಿಗೇ ಇಷ್ಟು ನೆರವು ಬೇಕಾದಲ್ಲಿ ನಮ್ಮ ಬಡ ವಿದ್ಯಾರ್ಥಿಗೆ ಅದು ಬೇಡವೆನ್ನುವುದು ಯಾವ ನ್ಯಾಯ?

ಆದರೆ ನೆರವಿನಲ್ಲಿಯೂ ಬಗೆಯುಂಟು. ಒಂದು ಪ್ರಸಿದ್ಧವಾದ ಲೆಕ್ಕವನ್ನು ತೆಗೆದುಕೊಳ್ಳೋಣ. ಕದಲದಂತೆ ನಿಲ್ಲಿಸಿದ ನುಣುಪಾದ ಗೋಲದ ನೆತ್ತಿಯಿಂದ ಒಂದು ಸಣ್ಣ ವಸ್ತುವು ಮೆಲ್ಲನೆ ಜಾರತೊಡಗಿದರೆ ಎಷ್ಟು ಕೆಳಗಿಳಿದ ಮೇಲೆ ಅದು ಗೋಲವನ್ನು ಬಿಟ್ಟು ಬೀಳುವುದು? ಇಳಿದ ಎತ್ತರದಿಂದ ವೇಗವನ್ನು ಕಂಡುಹಿಡಿಯಲು ವಿದ್ಯಾರ್ಥಿಯು ಬಲ್ಲನು. ಮುಂದೆ ದಾರಿ ಕಾಣದೆ ನಿಲ್ಲುತ್ತಾನೆ. ಗೈಡು ಅವನಿಗೆ ಉತ್ತರವನ್ನು ಕೊಟ್ಟುಬಿಡುತ್ತದೆ: ತ್ರಿಜ್ಯದ ಮೂರರಲ್ಲೊಂದು ಭಾಗ. ಒಳ್ಳೆಯ ಅಧ್ಯಾಪಕನಾದರೋ ಒಂದೇ ಪ್ರಶ್ನೆಯನ್ನು ಕೇಳುತ್ತಾನೆ: 'ಬಿಟ್ಟು ಬೀಳುವ ಗಳಿಗೆಯಲ್ಲಿ ಗೋಲವು ಆ ವಸ್ತುವನ್ನು ಎಷ್ಟು ಬಲದಿಂದ ಒತ್ತುತ್ತಿರುತ್ತದೆ?' ಸ್ವಲ್ಪ ಯೋಚಿಸಿದರೆ ಸೊನ್ನೆಯೆಂದು ಹೊಳೆಯುವುದು. ಹಾಗಾದರೆ ವಸ್ತುವನ್ನು ವೃತ್ತದಲ್ಲಿ ತಿರುಗಿಸಲು ಆಗ ಉಳಿದಿರುವುದು ಅದರ ತೂಕದಲ್ಲಿ ಕೇಂದ್ರದ ಕಡೆಗಿರುವ ಅಂಶವೊಂದೇ. ಇಷ್ಟು ತಿಳಿದರೆ ಉಳಿದುದು ಎರಡು ಸಾಲಿನ ಕೆಲಸ. ಇನ್ನೂ ಒಂದು ವಿಶೇಷವುಂಟು. ಉತ್ತರದಲ್ಲಿ ವಸ್ತುವಿನ ದ್ರವ್ಯರಾಶಿಯೂ ಇಲ್ಲ, ಭೂಮಿಯ ಗುರುತ್ವವೂ ಇಲ್ಲ. ಚಂದ್ರನ ಮೇಲೆ ಮಾಡಿದರೂ ಅದೇ ಜಾಗದಲ್ಲಿ ವಸ್ತುವು ಗೋಲವನ್ನು ಬಿಡುವುದು. ತಾನೇ ಬಿಡಿಸಿದವನಿಗೆ ಇದು ಕಂಡು ಆಶ್ಚರ್ಯವಾಗುತ್ತದೆ. ನಕಲು ಮಾಡಿದವನು ಇದನ್ನು ಗಮನಿಸುವುದೇ ಇಲ್ಲ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದು ಯಾವ ಲೆಕ್ಕವನ್ನಾದರೂ ಕ್ಷಣಮಾತ್ರದಲ್ಲಿ ಮೊಬೈಲಿನಲ್ಲಿಯೇ ಬಿಡಿಸಿ ತೋರಿಸುತ್ತಿವೆ. ಇವನ್ನು ನಿಷೇಧಿಸಬೇಕೆಂಬವರ ಪಕ್ಷವನ್ನು ನಾವು ಹಿಡಿಯುವುದಿಲ್ಲ. ಕೇಳಲು ಯಾರೂ ಇಲ್ಲದವನಿಗೆ, ಅದೂ ಕನ್ನಡದಲ್ಲಿಯೇ ಕೇಳಬಹುದಾದ ಪಕ್ಷದಲ್ಲಿ, ಇವು ಉಪಕಾರವನ್ನೇ ಮಾಡಬಲ್ಲವು. ಆದರೆ ಅವು ತಪ್ಪನ್ನೂ ಸರಿಯಂತೆಯೇ ನಿಸ್ಸಂದೇಹವಾಗಿ ಹೇಳುವುದುಂಟು. ಆ ತಪ್ಪನ್ನು ಗುರುತಿಸುವ ಶಕ್ತಿಯು ತಾನೇ ಲೆಕ್ಕ ಮಾಡಿ ಪಳಗಿದವನಿಗೆ ಮಾತ್ರ ಬರುವುದು. ಪೂರ್ತಿ ಉತ್ತರವನ್ನು ಬೇಡದೆ ಮುಂದಿನ ಒಂದು ಹೆಜ್ಜೆಯ ಸುಳಿವನ್ನು ಮಾತ್ರ ಬೇಡುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸುವುದೇ ಇದಕ್ಕೆ ಮದ್ದು.

ಅಧ್ಯಾಪಕರಿಗೆ ಇಷ್ಟಕ್ಕೆಲ್ಲ ಬಿಡುವೆಲ್ಲಿದೆ ಎಂಬ ಆಕ್ಷೇಪವು ನಿರಾಧಾರವಾದುದಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರವನ್ನು ಬಹುಮಟ್ಟಿಗೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಪಾಠದ ಗಂಟೆಗಳ ಲೆಕ್ಕದ ಮೇಲೆ ಬದುಕುವವರಿಂದ ಸಂಬಳವಿಲ್ಲದ ಮತ್ತೊಂದು ಗಂಟೆಯನ್ನು ಬೇಡುವುದು ಧರ್ಮವಲ್ಲ. ಆದುದರಿಂದಲೇ ಈ ಕಾರ್ಯವನ್ನು ಅಧ್ಯಾಪಕರ ಔದಾರ್ಯಕ್ಕೆ ಬಿಡದೆ ವಿದ್ಯಾ ಇಲಾಖೆಯವರೂ ವಿಶ್ವವಿದ್ಯಾನಿಲಯಗಳವರೂ ಕ್ರಮಬದ್ಧವಾಗಿ ಏರ್ಪಡಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ವಾರಕ್ಕೊಂದು ಗಂಟೆಯಾದರೂ ಲೆಕ್ಕ ಕೇಳುವ ಗಂಟೆಯೆಂದು ವೇಳಾಪಟ್ಟಿಯಲ್ಲಿ ನಮೂದಾಗಲಿ. ಅದು ಪಾಠದ ಗಂಟೆಯೆಂದೇ ಎಣಿಕೆಯಾಗಿ ಅದಕ್ಕೆ ತಕ್ಕ ಸಂಭಾವನೆಯು ಸಲ್ಲಲಿ. ಮೇಲಿನ ತರಗತಿಯವರು ಕೆಳಗಿನವರಿಗೆ ಹೇಳಿಕೊಡುವ ಪದ್ಧತಿಯು ಬರಲಿ. ಹೇಳಿಕೊಡುವವನೂ ಇದರಿಂದ ಕಲಿಯುತ್ತಾನೆ. ಪೂರ್ತಿಯಾಗದ ಪ್ರಾಮಾಣಿಕ ಪ್ರಯತ್ನಕ್ಕೂ ಅಂಕವು ದೊರೆಯಲಿ. ಹಾಗಾದರೆ ನಕಲಿನ ಆಸೆಯು ತಾನಾಗಿಯೇ ಕುಗ್ಗುವುದು.

ಎಲ್ಲಕ್ಕಿಂತ ಹೆಚ್ಚಾಗಿ ಆ ಒಂದು ಗಂಟೆಯಲ್ಲಿ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಅಡ್ಡಿಯಿರಬಾರದು. ಪಾರಿಭಾಷಿಕ ಶಬ್ದಗಳು ಇಂಗ್ಲಿಷಿನವೇ ಇದ್ದರೂ ಚಿಂತೆಯಿಲ್ಲ. ಸಂದೇಹವು ಹುಟ್ಟಿದ ಭಾಷೆಯಲ್ಲಿಯೇ ಅದು ಹೊರಬರಬೇಕು. ಕನ್ನಡಕ್ಕೆ ಗಣಿತವು ಹೊಸತಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಅಂತಹ ನಾಡಿನ ಹುಡುಗನು ಭಾಷೆಯ ಸಂಕೋಚದಿಂದ ಗಣಿತವನ್ನು ತೊರೆಯುವಂತಾಗುವುದು ನಮಗೆಲ್ಲರಿಗೂ ನಾಚಿಕೆಗೇಡು.

ವಿದ್ಯಾರ್ಥಿಗಳಿಗೂ ನಮ್ಮದೊಂದು ಮಾತುಂಟು. ನೆರವು ಬೇಡುವ ಮೊದಲು ಕೊಟ್ಟುದೇನು, ಕೇಳಿದುದೇನು, ತಾವು ಎಲ್ಲಿಯವರೆಗೆ ಬಂದು ನಿಂತೆವು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಹೀಗೆ ಬರೆಯುವಾಗಲೇ ಅರ್ಧ ಸಂದೇಹಗಳು ಪರಿಹಾರವಾಗುವುವು. ಉಳಿದರ್ಧವನ್ನು ಹಿಡಿದು ಬಂದ ವಿದ್ಯಾರ್ಥಿಗೆ ಕಾಲೇಜಿನ ಬಾಗಿಲು ತೆರೆದಿರಬೇಕು. ಅಧಿಕಾರಿಗಳು ಮುಂದಿನ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗ ಈ ಒಂದು ಗಂಟೆಯನ್ನು ಮರೆಯಲಾರರೆಂದು ನಾವು ನಂಬುತ್ತೇವೆ.