ಪಡಸಾಲೆಯ ಡಬ್ಬಿ, ಹಿತ್ತಲಕೋಣೆಯ ನೌಕರಿ

ಒಂದು ಮನೆ, ಒಂದು ಕನೆಕ್ಷನ್ನು, ಹತ್ತು ಮಂದಿ. ನೆಟ್ ನಿಂತ ಕೂಡಲೇ ಕೇಳಿಬರೋ ಮೊದಲ ಮಾತು, “ಯಾಂವಲೇ ಅಂವ ಡೌನ್‌ಲೋಡ್ ಹಚ್ಚಿದಾಂವ?” ಎರಡನೆಯದು ಕಂಪನಿಯವರಿಗೆ ಬೈಗುಳ. ಮೂರನೆಯದು ಡಬ್ಬಿಯ ಸ್ವಿಚ್ ಆರಿಸಿ ಹಾಕೋದು. ಅದಕ್ಕೂ ಸರಿಹೋಗದಿದ್ರೆ ನಮ್ಮ ಹಣೇಬರಹ ಅಂತ ಸುಮ್ಮನಾಗೋದು. ಇಷ್ಟರಲ್ಲಿ ಎಲ್ಲೂ ‘ಎಲ್ಲಿ ಕಡಿದಿದೆ’ ಅಂತ ಹುಡುಕೋ ಹಂತವೇ ಇಲ್ಲ ನೋಡಿ!

ನಮ್ಮದು ಬೈಲಹೊಂಗಲದ ಹಳೇ ಮಾಳಿಗೆ ಮನೆ. ದೊಡ್ಡಪ್ಪ, ಅಪ್ಪ, ಕಾಕಾ... ಮೂವರದೂ ಒಲೆ ಬೇರೆ, ತಲೆಬಾಗಿಲು ಒಂದೇ. ವೈಫೈ ಡಬ್ಬಿ ಇರೋದು ಪಡಸಾಲೆಯ ಟೀವಿ ಹಿಂದೆ, ಪಕ್ಕದಲ್ಲೇ ಕಬ್ಬಿಣದ ತಿಜೋರಿ. ಕಾಕಾನ ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡ್ತಾಳೆ, ಹಿತ್ತಲ ಕಡೆಯ ಕೋಣೆಯಲ್ಲಿ ಕೂತು. ಮೀಟಿಂಗ್ ನಡುವೆ ಅವಳ ದನಿ ಕಡಿದು ಕಡಿದು ಹೋಗ್ತಿತ್ತು. ಎರಡು ತಿಂಗಳು ನೋಡಿದ ಮ್ಯಾನೇಜರು, ಆಫೀಸಿಗೆ ಬಾ, ಇಲ್ಲಾ ಬೇರೆ ಕೆಲಸ ನೋಡ್ಕೋ ಅಂದುಬಿಟ್ಟ. ಮನೆಯಲ್ಲಿ ಮಾತು ಇನ್ನೊಂದೇ ದಾರಿ ಹಿಡಿದಿತ್ತು. “ಹೆಂಗೂ ನೆಟ್ ನಿಲ್ಲೂದಿಲ್ಲ. ಕೆಲಸ ಬಿಡ್ಲಿ, ವರ ನೋಡೂಣು.” ಅಂದ್ರೆ ಒಂದು ಡಬ್ಬಿ ಇಟ್ಟ ಜಾಗ ಒಂದು ಹುಡುಗಿಯ ನೌಕರಿಯನ್ನ ನಿರ್ಧರಿಸೋ ಮಟ್ಟಕ್ಕೆ ಬಂದಿತ್ತು.

ಇಂಥ ಹೊತ್ತಲ್ಲಿ ಮಾಡಬೇಕಾದ್ದು ಬಹಳ ಸರಳ. ದಾರಿಯನ್ನ ಎರಡು ತುಂಡು ಮಾಡಿ ನೋಡೋದು. ಹೊರಗಿನಿಂದ ಡಬ್ಬಿಯವರೆಗೆ ಒಂದು, ಡಬ್ಬಿಯಿಂದ ನಮ್ಮ ಲ್ಯಾಪ್‌ಟಾಪಿನವರೆಗೆ ಇನ್ನೊಂದು. ಫೈಬರ್ ಡಬ್ಬಿಯಲ್ಲಿ ‘ಎಲ್‌ಓಎಸ್’ ದೀಪ ಕೆಂಪಗಾದರೆ ತಂತಿಯಲ್ಲಿ ಬೆಳಕೇ ಬರ್ತಿಲ್ಲ ಅಂತ ಅರ್ಥ, ಆಗ ಕಂಪನಿಗೆ ಫೋನ್ ಮಾಡಿ. ಆ ದೀಪ ಕೆಂಪಗಿಲ್ಲದಿದ್ದರೆ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ನೋಡಿ. ಕೇಬಲ್‌ನಲ್ಲಿ ಚೆನ್ನಾಗಿದ್ದು ಗಾಳಿಯಲ್ಲಿ ಕೆಟ್ಟಿದ್ದರೆ ತೊಂದರೆ ಇರೋದು ಮನೆಯೊಳಗೇ. ಆಮೇಲೆ ಡಬ್ಬಿಯ ವಿಳಾಸಕ್ಕೇ ಒಂದು ಪಿಂಗ್ ಕೊಡಿ. ಸಾಮಾನ್ಯವಾಗಿ ಅದು 192.168.1.1, ಬೇರೆ ಇದ್ದರೆ ಡಬ್ಬಿಯ ತಳದಲ್ಲಿ ಅಂಟಿಸಿರ್ತಾರೆ. ನಮ್ಮ ಮನೆಯಲ್ಲಿ ಪಡಸಾಲೆಯಿಂದ ನೂರಕ್ಕೆ ನೂರೂ ಉತ್ತರ ಬಂತು. ಹಿತ್ತಲ ಕೋಣೆಯಿಂದ ಮೂವತ್ತಕ್ಕೂ ಹೆಚ್ಚು ಕಾಣೆ! ಇಷ್ಟು ದಿನ ಬೈಸಿಕೊಂಡ ಕಂಪನಿ, ಡೌನ್‌ಲೋಡ್ ಹಚ್ಚಿದ ಅಂತ ಬೈಸಿಕೊಂಡ ನಮ್ಮ ತಮ್ಮ, ಇಬ್ಬರೂ ನಿರಪರಾಧಿಗಳು :-)

ಅಪರಾಧಿ ಗೋಡೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲೇ ಹೋಗಿ, ಹಳೇ ಮನೆಗಳ ಕಲ್ಲುಮಣ್ಣಿನ ಗೋಡೆ ನೋಡಿದ್ದೀರಲ್ಲ? ಬೇಸಗೆಯಲ್ಲಿ ತಂಪು, ವೈಫೈಗೆ ವೈರಿ. 1824ರಲ್ಲಿ ಥ್ಯಾಕರೆಯನ್ನ ಕೋಟೆ ಬಾಗಿಲಲ್ಲೇ ತಡೆದ ಸೀಮೆಯ ಗೋಡೆಗಳು 2.4 ಗಿಗಾಹರ್ಟ್ಸನ್ನ ಸುಮ್ಮನೆ ಬಿಟ್ಟಾವೇ? ನಮ್ಮ ದೇಶದಲ್ಲಿ ಆ ತರಂಗಗಳ ಬಳಕೆಗೆ ಲೈಸೆನ್ಸ್ ಬೇಡ ಅಂತ ಆಗಿದ್ದು 2005ರಲ್ಲಿ. 5 ಗಿಗಾಹರ್ಟ್ಸಿನ ದೊಡ್ಡ ಪಾಲು ಹಾಗೆ ಬಿಡುಗಡೆಯಾಗಿದ್ದು 2018ರಲ್ಲಿ. ಎರಡನೆಯದು ವೇಗದ್ದು ನಿಜ, ಆದ್ರೆ ದಪ್ಪ ಗೋಡೆ ಎದುರಾದರೆ ಮೊದಲು ಸೋಲೋದೂ ಅದೇ. ಲೋಹದ ತಿಜೋರಿ, ತುಂಬಿದ ನೀರಿನ ಟಾಕಿ ನಡುವೆ ಬಂದರಂತೂ ಕೇಳೋದೇ ಬೇಡ.

“ರಿಪೀಟರ್ ತಂದ್ರ ಮುಗೀತಲ್ಲ” ಅಂತಾರೆ. ತರ್ತಾರೆ, ತಂದು ಸಿಗ್ನಲ್ ಸತ್ತ ಕೋಣೆಯಲ್ಲೇ ಇಡ್ತಾರೆ! ತನಗೇ ಕೇಳಿಸದ್ದನ್ನ ಅದು ಏನಂತ ಮತ್ತೊಬ್ಬರಿಗೆ ಹೇಳೀತು? ಅದನ್ನಿಡಬೇಕಾದ್ದು ಸಿಗ್ನಲ್ ಇನ್ನೂ ಗಟ್ಟಿಯಾಗಿರೋ ನಡುಮನೆಯಲ್ಲಿ. ಜೊತೆಗೆ ಅಗ್ಗದ ರಿಪೀಟರು ಒಂದೇ ಚಾನೆಲ್ಲಿನಲ್ಲಿ ಕೇಳಿ, ಅದರಲ್ಲೇ ಹೇಳೋದರಿಂದ ವೇಗ ಸುಮಾರು ಅರ್ಧ ಆಗುತ್ತೆ. ನಮ್ಮಂಥ ಮನೆಗೆ ಸರಿಯಾದ ಮದ್ದು ಒಂದು ಕೇಬಲ್ ಎಳೆದು, ಹಿಂದಿನ ಕೋಣೆಯಲ್ಲಿ ಇನ್ನೊಂದು ಡಬ್ಬಿ ಇಡೋದು. ಈಥರ್ನೆಟ್ ಕೇಬಲ್ಲು 100 ಮೀಟರಿನವರೆಗೆ ಆರಾಮಾಗಿ ಹೋಗುತ್ತೆ. ಯಾವ ಮಾಳಿಗೆ ಮನೆಯೂ ಅಷ್ಟು ಉದ್ದ ಇಲ್ಲ.

ಆದ್ರೆ ಕೇಬಲ್ಲಿಗಿಂತ ಕಷ್ಟದ್ದು ಒಪ್ಪಿಗೆ. “ತಮ್ಮಾ, ರೊಕ್ಕ ಕಟ್ಟಾಂವ ನಾ. ಡಬ್ಬಿ ಎಲ್ಲೈತಿ ಅಲ್ಲೇ ಇರ್ಲಿ. ಗ್ವಾಡಿಗೆ ತೂತ ಹೊಡೀಬ್ಯಾಡ” ಅಂದ್ರು ದೊಡ್ಡಪ್ಪ. “ತೂತ ಬ್ಯಾಡ್ರಿ ದೊಡ್ಡಪ್ಪ, ಬೆಳಕಿಂಡ್ಯಾಗಿಂದ ಒಯ್ತೀನಿ” ಅಂದೆ. ಪೈಪಿನೊಳಗೆ ಹಾಕಿ ಮಾಳಿಗೆ ಮೇಲಿಂದ ಒಯ್ದದ್ದಾಯ್ತು. ಇಲ್ಲಾಂದ್ರೆ ಮಂಗ್ಯಾಗಳ ಬಾಯಿಗೆ! ಹಿತ್ತಲ ಕೋಣೆಯಲ್ಲಿ ಈಗ ನೂರಕ್ಕೆ ನೂರೂ ಉತ್ತರ ಬರುತ್ತೆ. ತಂಗಿ ಕೆಲಸದಲ್ಲಿದ್ದಾಳೆ.

ದೊಡ್ಡಪ್ಪನ ಮಾತಲ್ಲಿ ನ್ಯಾಯ ಇಲ್ಲ ಅಂತಲ್ಲ. ತಿಂಗಳಾದರೆ ಬಿಲ್ಲು ಕಟ್ಟೋರು ಅವರು, ದಿನಕ್ಕೊಬ್ಬರು ಪಾಸ್‌ವರ್ಡ್ ಬದಲಿಸಿದರೆ ತ್ರಾಸು ಅವರಿಗೇ. ಆದ್ರೆ ಹಿತ್ತಲ ಬೋರಿಗೂ ರೊಕ್ಕ ಹಾಕಿದ್ದು ಒಬ್ಬರೇ, ನಳ ಮಾತ್ರ ಮೂರೂ ಅಡಿಗೆಮನೆಗೆ ಹೋಗಿದೆ. ಬ್ರಾಡ್‌ಬ್ಯಾಂಡ್ ಅಂದ್ರೆ ಕನಿಷ್ಠ ಎಷ್ಟು ವೇಗ ಅಂತ ಸರ್ಕಾರ 2004ರಲ್ಲಿ 256 ಕೆಬಿಪಿಎಸ್ ಅಂತು, 2013ರಲ್ಲಿ 512 ಅಂತು, 2023ರಲ್ಲಿ 2 ಎಂಬಿಪಿಎಸ್ ಅಂತು. ಅದೆಲ್ಲ ಕಂಪನಿಯವರು ಕೊಡಬೇಕಾದ್ದರ ಲೆಕ್ಕ. ಪಡಸಾಲೆಯಿಂದ ಹಿತ್ತಲ ಕೋಣೆಗೆ ಎಷ್ಟು ತಲುಪಬೇಕು ಅನ್ನೋದಕ್ಕೆ ಯಾವ ಕಾನೂನೂ ಬರಲ್ಲ, ಮನೆಯವರೇ ಮಾಡಬೇಕು. ನನ್ನ ಪ್ರಕಾರ ಡಬ್ಬಿ ಇರಬೇಕಾದ್ದು ಅದರಿಂದ ಅನ್ನ ದುಡಿಯೋರ, ಓದೋರ ಹತ್ತಿರ. ಟೀವಿಗೆ ಕೇಬಲ್ ಸಿಕ್ಕಿಸಬಹುದು.

ಇನ್ನೊಂದು ಮಾತು, ನಮ್ಮಂಥ ಬ್ಲಾಗಿಗರಿಗೆ. ಡಬ್ಬಿಯ ಜೊತೆ ಬರೋ ಪುಸ್ತಕ ಇಂಗ್ಲಿಷು, ಒಳಗಿನ ಸೆಟ್ಟಿಂಗೂ ಇಂಗ್ಲಿಷು. ಹೀಗಾಗಿ ಪ್ರತಿ ಮನೆಯಲ್ಲೂ ‘ಬಲ್ಲವನು’ ಒಬ್ಬನೇ, ಅವನು ಊರು ಬಿಟ್ಟರೆ ಎಲ್ಲ ಠಪ್. ನಾನು ಈ ಸಲ ನಾಕು ಸಾಲು ಕನ್ನಡದಲ್ಲಿ ಬರೆದು ಡಬ್ಬಿ ಪಕ್ಕ ಅಂಟಿಸಿ ಬಂದೆ: ಯಾವ ದೀಪ ಏನು, ಮೊದಲು ಏನು ನೋಡಬೇಕು, ಯಾವಾಗ ಫೋನ್ ಮಾಡಬೇಕು, ಪಾಸ್‌ವರ್ಡ್ ಯಾರನ್ನ ಕೇಳಬೇಕು. ಮೊನ್ನೆ ನೆಟ್ ಹೋದಾಗ ದೊಡ್ಡವ್ವನೇ ಓದಿ, “ಕೆಂಪ್ ದೀಪ ಹತ್ತೇತಿ, ಕಂಪನಿಗೆ ಹಚ್ಚರಿ” ಅಂದಳಂತೆ. ಯಾರಿಗೂ ಬೈಗುಳ ಬೀಳಲಿಲ್ಲ.

ನಿಮ್ಮ ಮನೆಯಲ್ಲಿ ಡಬ್ಬಿ ಎಲ್ಲಿದೆ? ಅಲ್ಲೇ ಯಾಕಿದೆ? ಒಮ್ಮೆ ಕೇಳಿ ನೋಡಿ...